ಹಿಮದ ನಡುವೆ ಶಿಲುಬೆ: ಚಳಿಗಾಲದ ಒಂದು ಚಿತ್ರ ಹೇಳುವ ಮಾತು



ಆಗಮನ ಕಾಲದ ಕೊನೆಯ ವಾರ. ದೇವಾಲಯದ ಮೂಲೆಯಲ್ಲಿ ನಮ್ಮ ಯುವಕರು ಗೋದಲಿ ಕಟ್ಟುತ್ತಿದ್ದರು. ಬಿದಿರಿನ ತಟ್ಟಿ, ಜೋಳದ ದಂಟಿನ ಸೂರು, ಗೋಣಿಚೀಲಕ್ಕೆ ಬಣ್ಣ ಬಳಿದು ಮಾಡಿದ ಗುಡ್ಡ ಎಲ್ಲವೂ ಸಿದ್ಧವಾಗಿತ್ತು. ಕೊನೆಯಲ್ಲಿ ಒಬ್ಬ ಹುಡುಗ ಮನೆಯಿಂದ ತಂದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ, ಹಿಮ ಬಿದ್ದ ಹಾಗೆ ಗುಡ್ಡದ ಮೇಲೆಲ್ಲ ಹರಡತೊಡಗಿದ. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಫಾದರ್, ನಮ್ಮೂರಾಗ ಹಿಮ ಬೀಳಂಗಿಲ್ಲ. ಮತ್ಯಾಕ ಹತ್ತಿ ಹಾಕ್ತಾರ?”

“ಚಂದ ಕಾಣ್ಲಿ ಅಂತ ಮಗಾ” ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಅವಳ ತಾಯಿ ದಿನಗೂಲಿಗೆ ಹತ್ತಿ ಬಿಡಿಸಲು ಹೋಗುವವರು. ಸಂಜೆ ಮನೆಗೆ ಬಂದಾಗ ಅವರ ಬೆರಳುಗಳಲ್ಲಿ ಹತ್ತಿಕಾಯಿಯ ಒಣ ತೊಗಟೆ ಗೀರಿದ ಗಾಯಗಳಿರುತ್ತವೆ. ಆ ಮಗುವಿಗೆ ಹತ್ತಿಯೆಂದರೆ ಹಿಮವಲ್ಲ, ಅವ್ವನ ದುಡಿಮೆ. ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಬಹಳ ಹಗುರವಾಯಿತು ಎಂದು ಆ ರಾತ್ರಿಯೇ ನನಗೆ ಅನಿಸಿತು.

ನಮ್ಮ ಮನೆಗಳಿಗೆ ಬರುವ ಕ್ರಿಸ್ಮಸ್ ಕಾರ್ಡುಗಳಲ್ಲಿ ಹಿಮ, ಕ್ಯಾಲೆಂಡರುಗಳಲ್ಲಿ ಹಿಮ, ಈಗ ಮೊಬೈಲಿಗೆ ಬರುವ ಶುಭಾಶಯಗಳಲ್ಲೂ ಹಿಮ. ನಾವು ಅದನ್ನು ಅಲಂಕಾರ ಎಂದುಕೊಂಡಿದ್ದೇವೆ. ಆದರೆ ಹಿಮವನ್ನು ಕಣ್ಣಾರೆ ಕಂಡು, ಅದರಲ್ಲಿ ನಡುಗಿ, ಅದರಿಂದ ನೋವುಂಡ ಒಬ್ಬ ಕಲಾವಿದ ಚಳಿಗಾಲವನ್ನು ಬರೆದಾಗ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಅದು ಮನುಷ್ಯನ ಮನಸ್ಸಿನ ಚಿತ್ರವಾಗುತ್ತದೆ. ಅಂತಹ ಒಂದು ಚಿತ್ರವನ್ನು ಈ ಹಬ್ಬದ ಹೊತ್ತಿನಲ್ಲಿ ನಿಮ್ಮೊಂದಿಗೆ ನೋಡಬೇಕೆಂಬುದು ನನ್ನ ಆಸೆ.

ಗೋದಲಿಗೆ ಹಿಮ ಬಂದದ್ದು ಎಲ್ಲಿಂದ?

ಮೊದಲು ಆ ಮಗುವಿನ ಪ್ರಶ್ನೆ. ಯೇಸುಸ್ವಾಮಿಯ ಜನನವನ್ನು ಹೇಳುವವರು ಸಂತ ಮತ್ತಾಯ ಮತ್ತು ಸಂತ ಲೂಕ. ಇಬ್ಬರ ಶುಭಸಂದೇಶದ ಜನನ ವೃತ್ತಾಂತದಲ್ಲೂ ಹಿಮದ ಮಾತಿಲ್ಲ. ಬೆತ್ಲೆಹೇಮ್ ಎತ್ತರದ ಗುಡ್ಡದ ಮೇಲಿರುವ ಊರು. ಅಪರೂಪಕ್ಕೊಮ್ಮೆ ಅಲ್ಲಿ ಹಿಮ ಬೀಳುವುದುಂಟು. ಆದರೆ ನಮ್ಮ ಗೋದಲಿಯ ಹಿಮ ಅಲ್ಲಿಂದ ಬಂದದ್ದಲ್ಲ, ಯೂರೋಪಿನ ಚಿತ್ರಕಾರರಿಂದ ಬಂದದ್ದು.

ಪೀಟರ್ ಬ್ರೂಗೆಲ್ ಎಂಬ ಕಲಾವಿದ 1566ರಲ್ಲಿ ‘ಬೆತ್ಲೆಹೇಮಿನ ಜನಗಣತಿ’ ಎಂಬ ಚಿತ್ರ ಬರೆದ. ಈಗ ಅದು ಬ್ರಸೆಲ್ಸ್ ನಗರದ ಕಲಾಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿರುವುದು ಪಾಲೆಸ್ತೀನದ ಊರಲ್ಲ, ಅವನ ನಾಡಿನದೇ ಹಿಮ ಮುಚ್ಚಿದ ಒಂದು ಹಳ್ಳಿ. ಹೆಪ್ಪುಗಟ್ಟಿದ ನೀರಿನ ಮೇಲೆ ಮಕ್ಕಳು ಜಾರಾಡುತ್ತಿದ್ದಾರೆ, ಒಂದೆಡೆ ಹಂದಿ ಕೊಯ್ಯುತ್ತಿದ್ದಾರೆ, ಛತ್ರದ ಬಾಗಿಲಲ್ಲಿ ಜನ ಮುಗಿಬಿದ್ದಿದ್ದಾರೆ. ಈ ಗದ್ದಲದ ನಡುವೆ ಕತ್ತೆಯ ಮೇಲೆ ಕುಳಿತ ಒಬ್ಬ ಹೆಣ್ಣುಮಗಳು, ಹೆಗಲ ಮೇಲೆ ಗರಗಸ ಹೊತ್ತ ಬಡಗಿಯ ಹಿಂದೆ ಬರುತ್ತಿದ್ದಾಳೆ. ಯಾರೂ ಅವರತ್ತ ತಿರುಗಿ ನೋಡುತ್ತಿಲ್ಲ. ಮಾತೆ ಮರಿಯ ಮತ್ತು ಸಂತ ಜೋಸೆಫರು ಎಂದೋ ಎಲ್ಲೋ ನಡೆದವರಲ್ಲ, ನಮ್ಮೂರ ಚಳಿಯಲ್ಲೇ ಬಂದವರು ಎಂದು ಆ ಚಿತ್ರಕಾರ ಹೇಳಿದ. ಮುಂದೆ 1843ರಲ್ಲಿ ಲಂಡನ್ನಿನಲ್ಲಿ ಮೊದಲ ಕ್ರಿಸ್ಮಸ್ ಕಾರ್ಡು ಅಚ್ಚಾಯಿತು. ಕಾರ್ಡುಗಳ ಜೊತೆಗೆ ಚಳಿನಾಡಿನ ಹಿಮವೂ ಜಗತ್ತೆಲ್ಲ ಹರಡಿತು. ಹೀಗೆ ಬಂದ ಹಿಮ ನಮ್ಮ ಹತ್ತಿಯವರೆಗೂ ತಲುಪಿತು.

ಆದರೆ ಹಿಮದ ಭಾವವನ್ನು ಅತ್ಯಂತ ಆಳವಾಗಿ ತೋರಿಸಿದವರು ಬೇರೊಬ್ಬರು: ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್.

ಒಂದೇ ವರ್ಷ, ಎರಡು ಚಿತ್ರ

ಫ್ರೀಡ್ರಿಕ್ 1811ರಲ್ಲಿ ಚಳಿಗಾಲದ ಎರಡು ಸಣ್ಣ ಚಿತ್ರಗಳನ್ನು ಬರೆದರು. ಎರಡೂ ಎಣ್ಣೆ ಬಣ್ಣದವು, ಎರಡೂ ಸುಮಾರು 33 ಸೆಂಟಿಮೀಟರ್ ಎತ್ತರ, 45 ಸೆಂಟಿಮೀಟರ್ ಅಗಲ. ಅಂದರೆ ನಮ್ಮ ಗೋಡೆಯ ಕ್ಯಾಲೆಂಡರಿನ ಒಂದು ಹಾಳೆಯಷ್ಟು. ಇವನ್ನು ಜೋಡಿಯಾಗಿ ನೋಡುವುದು ವಾಡಿಕೆ.

ಮೊದಲನೆಯದು ಜರ್ಮನಿಯ ಶ್ವೆರಿನ್ ನಗರದಲ್ಲಿದೆ. ಕಣ್ಣು ಹಾಯುವಷ್ಟು ದೂರ ಬರೀ ಹಿಮ. ಮೇಲೆ ಭಾರವಾದ ಕಪ್ಪು ಆಕಾಶ. ಎಲೆಯೇ ಇಲ್ಲದ, ಕೊಂಬೆ ಮುರಿದ ಓಕ್ ಮರಗಳು. ಕಡಿದು ಹಾಕಿದ ಮರಗಳ ಬೊಡ್ಡೆಗಳು ಅಲ್ಲಲ್ಲಿ ಹಿಮದಿಂದ ತಲೆ ಎತ್ತಿವೆ. ಅವುಗಳ ನಡುವೆ ಊರುಗೋಲಿಗೆ ಜೋತು ನಿಂತ ಒಬ್ಬ ಬಾಗಿದ ಮನುಷ್ಯ. ಎಷ್ಟು ಚಿಕ್ಕವನೆಂದರೆ ಮೊದಲ ನೋಟಕ್ಕೆ ಅವನೂ ಒಂದು ಬೊಡ್ಡೆಯಂತೆ ಕಾಣುತ್ತಾನೆ. ದಾರಿಯಿಲ್ಲ, ಮನೆಯಿಲ್ಲ, ಹೊಗೆಯಿಲ್ಲ. ಎತ್ತ ಹೋಗಬೇಕು ಎನ್ನುವುದಕ್ಕೆ ಒಂದು ಗುರುತೂ ಇಲ್ಲ.

ಎರಡನೆಯದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇದನ್ನು ಅಲ್ಲಿ 1987ರಲ್ಲಿ ಕೊಂಡರು. ಇದರದೇ ಇನ್ನೊಂದು ಪ್ರತಿ ಜರ್ಮನಿಯ ಡಾರ್ಟ್‌ಮಂಡ್ ನಗರದಲ್ಲಿದೆ. ಇಲ್ಲಿಯೂ ಹಿಮವೇ. ಆದರೆ ಮುಂಭಾಗದಲ್ಲಿ ಕೆಲವು ಫರ್ ಮರಗಳು ನಿಂತಿವೆ. ಫರ್ ಎಂದರೆ ಚಳಿಗಾಲದಲ್ಲೂ ಹಸಿರು ಕಳೆದುಕೊಳ್ಳದ, ನಾವು ಕ್ರಿಸ್ಮಸ್ ಮರ ಎಂದು ಕರೆಯುವ ಜಾತಿಯದು. ಆ ಮರಗಳ ಮುಂದೆ ಒಂದು ಶಿಲುಬೆ, ಶಿಲುಬೆಯ ಮೇಲೆ ಪ್ರಭು. ಎದುರಿಗೆ ಒಂದು ಬಂಡೆ. ಬಂಡೆಗೆ ಬೆನ್ನು ಒರಗಿಸಿ ಕುಳಿತ ಒಬ್ಬ ಮನುಷ್ಯ ಕೈ ಜೋಡಿಸಿ ಶಿಲುಬೆಯತ್ತ ನೋಡುತ್ತಿದ್ದಾನೆ. ಅವನ ಊರುಗೋಲುಗಳು ಹಿಮದಲ್ಲಿ ಬಿದ್ದಿವೆ. ದೂರದಲ್ಲಿ ಮಂಜಿನೊಳಗಿಂದ ಎತ್ತರದ ಗೋಪುರಗಳ ಒಂದು ದೇವಾಲಯ ಮೂಡುತ್ತಿದೆ. ಅದು ನಿಜವಾದ ಕಟ್ಟಡವೋ ಅವನಿಗೆ ಕಂಡ ದರ್ಶನವೋ ಹೇಳುವುದು ಕಷ್ಟ. ಹತ್ತಿರ ಹೋಗಿ ನೋಡಿದರೆ ಹಿಮವನ್ನು ಸೀಳಿಕೊಂಡು ಕೆಲವು ಹುಲ್ಲಿನ ಎಳೆಗಳು ಮೇಲೆ ಬಂದಿವೆ.

ಬಣ್ಣದಲ್ಲಿ ಭಾವ ಮೂಡುವ ಬಗೆ

ಫ್ರೀಡ್ರಿಕ್ ಆ ಮನುಷ್ಯನ ಮುಖವನ್ನು ದೊಡ್ಡದಾಗಿ ಬರೆದು ಅಲ್ಲಿ ಕಣ್ಣೀರು ತೋರಿಸಲಿಲ್ಲ. ಭಾವವನ್ನೆಲ್ಲ ಅವರು ನೆಲಕ್ಕೆ, ಮರಕ್ಕೆ, ಮಂಜಿಗೆ ಒಪ್ಪಿಸಿದರು. ನಮ್ಮ ಹೆಂಗಸರು ಬೀಸುವ ಪದ ಹಾಡುವಾಗ ತಮ್ಮ ದುಃಖವನ್ನು ನೇರವಾಗಿ ಹೇಳದೆ ಮಳೆಗೆ, ಹಕ್ಕಿಗೆ, ಬಳ್ಳಿಗೆ ಹೇಳಿಕೊಳ್ಳುವುದಿಲ್ಲವೇ? ಹಾಗೆಯೇ ಇದು.

ಇದನ್ನು ಅವರು ಹೇಗೆ ಸಾಧಿಸಿದರು ಎಂದು ಮೂರು ಅಂಶಗಳಲ್ಲಿ ನೋಡೋಣ.

ಮೊದಲನೆಯದು ಖಾಲಿ ಜಾಗ. ಶ್ವೆರಿನ್ನಿನ ಚಿತ್ರದಲ್ಲಿ ಮನುಷ್ಯ ಚಿಕ್ಕವನು, ಖಾಲಿತನ ದೊಡ್ಡದು. ಒಂಟಿಯಾದವರಿಗೆ ಜಗತ್ತು ಕಾಣುವುದು ಹೀಗೆಯೇ. ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಅದೇ ಹತ್ತು ಅಡಿಯ ಪಡಸಾಲೆ ಮೈದಾನದಷ್ಟು ದೊಡ್ಡದಾಗುತ್ತದೆ. ಅನುಭವಿಸಿದವರಿಗೆ ಈ ಮಾತು ಗೊತ್ತು.

ಎರಡನೆಯದು ಬಣ್ಣ. ಲಂಡನ್ನಿನ ಚಿತ್ರದಲ್ಲಿ ಬಣ್ಣಗಳು ಬಹಳ ಕಡಿಮೆ. ಮಂಜನ್ನು ಕಲಾವಿದರು ನೀಲಿ ಗಾಜಿನ ಪುಡಿಯಿಂದ ಮಾಡಿದ ಹಳೆಯ ಬಣ್ಣವೊಂದನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಇಟ್ಟು ಮೂಡಿಸಿದ್ದಾರೆ. ಆದ್ದರಿಂದ ಅಲ್ಲಿನ ಮಂಜು ಗೋಡೆಯಂತೆ ದಪ್ಪವಾಗಿಲ್ಲ. ಅದರ ಮೂಲಕ ಬೆಳಕು ಸೋಸಿ ಬರುವಂತಿದೆ. ಅದು ಬೆಳಗಿನ ಬೆಳಕೋ ಸಂಜೆಯದೋ ಎಂದು ಖಚಿತವಾಗಿ ಹೇಳಲಾಗದು. ದುಃಖದಲ್ಲಿರುವವನಿಗೂ ಅದು ಗೊತ್ತಾಗುವುದಿಲ್ಲ.

ಮೂರನೆಯದು ಆಕಾರ. ಫರ್ ಮರದ ಮೊನಚಾದ ತುದಿಯನ್ನೂ ದೇವಾಲಯದ ಮೊನಚಾದ ಗೋಪುರವನ್ನೂ ಒಮ್ಮೆ ಹೋಲಿಸಿ ನೋಡಿ. ಎರಡೂ ಒಂದೇ ಆಕಾರ. ಮುಂದಿರುವ ಮರವನ್ನು ದೂರದ ದೇವಾಲಯ ಪ್ರತಿಧ್ವನಿಸುತ್ತದೆ. ಚಳಿಗೂ ಬಾಡದ ಮರ ವಿಶ್ವಾಸದ ಗುರುತು, ಅಲುಗದ ಬಂಡೆ ಆಸರೆಯ ಗುರುತು, ಮಂಜಿನ ಆಚೆಯ ದೇವಾಲಯ ಬರಲಿರುವ ಬಾಳಿನ ಗುರುತು ಎಂದು ಚಿತ್ರವನ್ನು ಅಭ್ಯಾಸ ಮಾಡಿದವರು ಅರ್ಥ ಹೇಳುತ್ತಾರೆ.

ಆದರೆ ಊರುಗೋಲುಗಳ ವಿಷಯ? ಹಿಮದಲ್ಲಿ ಬಿದ್ದ ಅವುಗಳನ್ನು ಎರಡು ಬಗೆಯಲ್ಲಿ ಓದಬಹುದು. ವಿಶ್ವಾಸ ಸಿಕ್ಕಿತು, ಇನ್ನು ಇವು ಬೇಡ ಎಂದು ಅವನೇ ಎಸೆದ ಎನ್ನಬಹುದು. ಇನ್ನು ಒಂದು ಹೆಜ್ಜೆಯೂ ನಡೆಯಲಾರದೆ ಕುಸಿದು, ಕೊನೆಯ ದೂರವನ್ನು ತೆವಳಿಕೊಂಡು ಬಂದ ಎಂದೂ ಹೇಳಬಹುದು. ಕಲಾವಿದರು ಬಿಡಿಸಿ ಹೇಳಿಲ್ಲ. ಚಿತ್ರ ನಮ್ಮನ್ನು ಹಿಡಿದು ನಿಲ್ಲಿಸುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಆ ಮನುಷ್ಯ ಎದ್ದು ಕುಣಿಯುತ್ತಿಲ್ಲ. ಹಿಮ ಕರಗಿಲ್ಲ. ಅವನು ಇನ್ನೂ ದೇವಾಲಯ ತಲುಪಿಲ್ಲ. ಬದಲಾದದ್ದು ಒಂದೇ: ಮೊದಲ ಚಿತ್ರದಲ್ಲಿ ನೋಡಲು ಏನೂ ಇರಲಿಲ್ಲ, ಇಲ್ಲಿ ನೋಡಲು ಒಬ್ಬನಿದ್ದಾನೆ. ಒರಗಲು ಒಂದು ಬಂಡೆಯಿದೆ.

ಮಂಜುಗಡ್ಡೆಯ ನೋವುಂಡವರು

ಫ್ರೀಡ್ರಿಕ್ ಹುಟ್ಟಿದ್ದು 1774ರ ಸೆಪ್ಟೆಂಬರ್ 5ರಂದು, ಬಾಲ್ಟಿಕ್ ಸಮುದ್ರದ ಹತ್ತಿರದ ಗ್ರೈಫ್ಸ್‌ವಾಲ್ಡ್ ಎಂಬ ಊರಿನಲ್ಲಿ. ತಂದೆ ಮೇಣದ ಬತ್ತಿ ಮತ್ತು ಸಾಬೂನು ಮಾಡುವವರು. ಕುಟುಂಬ ಲೂಥರನ್ ಪಂಗಡದ್ದು. ಏಳನೆಯ ವಯಸ್ಸಿಗೆ ಬಾಲಕ ತಾಯಿಯನ್ನು ಕಳೆದುಕೊಂಡ. ಮರುವರ್ಷ ಒಬ್ಬ ಸಹೋದರಿ ತೀರಿಕೊಂಡಳು. 1787ರ ಡಿಸೆಂಬರ್‌ನಲ್ಲಿ, ಅವನಿಗೆ 13 ವರ್ಷವಾಗಿದ್ದಾಗ, ತಮ್ಮ ಕ್ರಿಸ್ಟೋಫರ್ ಮಂಜುಗಡ್ಡೆ ಒಡೆದು ನೀರಿನಲ್ಲಿ ಮುಳುಗಿ ಸತ್ತ. ಮುಳುಗುತ್ತಿದ್ದ ಅಣ್ಣನನ್ನು ಉಳಿಸಲು ಹೋಗಿ ತಮ್ಮ ಜೀವ ಬಿಟ್ಟ ಎಂದು ಹೇಳುತ್ತಾರೆ. 1791ರಲ್ಲಿ ಇನ್ನೊಬ್ಬ ಸಹೋದರಿಯೂ ಹೋದಳು.

ಕ್ರಿಸ್ಮಸ್ ತಿಂಗಳಲ್ಲಿ, ಮಂಜುಗಡ್ಡೆಯಲ್ಲಿ, ತನ್ನ ಕಣ್ಣೆದುರು ತಮ್ಮನನ್ನು ಕಳೆದುಕೊಂಡವನಿಗೆ ಹಿಮ ಕಾರ್ಡಿನ ಮೇಲಿನ ಅಲಂಕಾರವಾಗಲು ಸಾಧ್ಯವೇ? ಕೋಪನ್‌ಹೇಗನ್ನಿನಲ್ಲಿ ಕಲಿತು, 1798ರಲ್ಲಿ ಡ್ರೆಸ್ಡೆನ್ ನಗರಕ್ಕೆ ಬಂದು ನೆಲೆಸಿದ ಮೇಲೆ ಅವರು ಮತ್ತೆ ಮತ್ತೆ ಚಳಿಗಾಲಕ್ಕೇ ಮರಳಿದರು. 1808ರಲ್ಲಿ ಬೆಟ್ಟದ ತುದಿಯಲ್ಲಿ ಫರ್ ಮರಗಳ ನಡುವೆ ನಿಂತ ಶಿಲುಬೆಯನ್ನು ಪೀಠದ ಚಿತ್ರವಾಗಿ ಬರೆದಾಗ, ಮರ ಬಂಡೆಗಳ ಚಿತ್ರ ಪೂಜಾಪೀಠ ಏರುವುದೇ ಎಂದು ರಾಮ್‌ಡೋರ್ ಎಂಬ ವಿಮರ್ಶಕರು ಕಟುವಾಗಿ ಆಕ್ಷೇಪಿಸಿದರು. ದೊಡ್ಡ ವಾದವೇ ನಡೆಯಿತು. ಆದರೂ ಫ್ರೀಡ್ರಿಕ್ ತಮ್ಮ ದಾರಿ ಬಿಡಲಿಲ್ಲ. 1809ರಲ್ಲಿ ತಂದೆ ತೀರಿಕೊಂಡರು. ನಾವು ನೋಡುತ್ತಿರುವ ಎರಡು ಚಿತ್ರಗಳು ಅದಾದ ಎರಡು ವರ್ಷಕ್ಕೆ ಬಂದವು.

1835ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. 1840ರ ಮೇ 7ರಂದು ತೀರಿಕೊಂಡಾಗ ಅವರನ್ನು ಜನ ಬಹುಮಟ್ಟಿಗೆ ಮರೆತಿದ್ದರು. 1906ರ ಬರ್ಲಿನ್ ಪ್ರದರ್ಶನದ ನಂತರ ಮತ್ತೆ ನೆನೆದರು. 2024ರಲ್ಲಿ ಅವರ 250ನೆಯ ಜನ್ಮವರ್ಷಕ್ಕೆ ಜರ್ಮನಿಯ ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡೆನ್ ನಗರಗಳಲ್ಲಿ ದೊಡ್ಡ ಪ್ರದರ್ಶನಗಳು ನಡೆದವು.

ನಮ್ಮ ನಾಡಿನಲ್ಲೂ ಚಳಿಯನ್ನು ಬಣ್ಣದಲ್ಲಿ ಹಿಡಿದವರಿದ್ದಾರೆ. ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರು (1886-1965) ಊಟಿಯ ಬೆಟ್ಟಗಳ ಮಂಜನ್ನು ಜಲವರ್ಣದಲ್ಲಿ ಬರೆದರು. ಹಿಮದ ಚಿತ್ರಗಳನ್ನೇ ನೋಡಬೇಕೆನ್ನುವವರು ಬೆಂಗಳೂರಿಗೆ ಹೋದಾಗ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಭೇಟಿ ಕೊಡಬಹುದು. ರಷ್ಯಾದಿಂದ ಬಂದು 1928ರಲ್ಲಿ ಕುಲು ಕಣಿವೆಯಲ್ಲಿ ನೆಲೆಸಿ, 1947ರಲ್ಲಿ ಅಲ್ಲೇ ತೀರಿಕೊಂಡ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳು ಅಲ್ಲಿನ ಸಂಗ್ರಹದಲ್ಲಿವೆ. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಕನಕಪುರ ರಸ್ತೆಯ ತಾತಗುಣಿಯಲ್ಲಿ ಬಾಳಿ 1993ರಲ್ಲಿ ತೀರಿಕೊಂಡರು. ರೋರಿಕ್ ಅವರ ಹಿಮ ಎತ್ತರದಲ್ಲಿದೆ, ಮೇಲೆ ಬಾ ಎಂದು ಕರೆಯುತ್ತದೆ. ಫ್ರೀಡ್ರಿಕ್ ಅವರ ಹಿಮ ಕಾಲಡಿಯಲ್ಲಿದೆ, ನಡೆಯಲು ಬಿಡುವುದಿಲ್ಲ. ನನ್ನ ಅನುಭವದಲ್ಲಿ ನಮ್ಮ ಜನರ ಹಿಮ ಈ ಎರಡನೆಯದು.

ನಮ್ಮ ಚಳಿಗಾಲ

ನಮ್ಮಲ್ಲಿ ಹಿಮವೆಲ್ಲಿದೆ ಎಂದು ನೀವು ಕೇಳಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳಲ್ಲಿ ಡಿಸೆಂಬರ್ ಎಂದರೆ ಎರೆಹೊಲದ ಹಿಂಗಾರಿ ಜೋಳ, ಕಡಲೆ ಗಿಡದ ಮೇಲಿನ ಇಬ್ಬನಿ, ಬೆಳಗಿನ ಹೊತ್ತು ಮನೆ ಮುಂದೆ ಕಸ ಕಡ್ಡಿ ಕೂಡಿಸಿ ಬೆಂಕಿ ಕಾಯಿಸಿಕೊಳ್ಳುವ ಹಿರಿಯರು. ಹಡಗಲಿಯ ಮಲ್ಲಿಗೆಯೂ ಚಳಿಗೆ ಹೂವು ಕಡಿಮೆ ಮಾಡುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಚಳಿನಾಡುಗಳಿಂದ ಹಕ್ಕಿಗಳು ಬರುತ್ತವೆ. 2017ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಹಿಮದ ಊರುಗಳಲ್ಲಿ ಬದುಕಲಾರದ ಹಕ್ಕಿಗಳಿಗೆ ನಮ್ಮ ಚಳಿ ಬೆಚ್ಚನೆಯ ಆಸರೆ.

ಹಕ್ಕಿಗಳು ಬರುವ ಹೊತ್ತಿಗೆ ನಮ್ಮ ಜನ ಹೊರಡುತ್ತಾರೆ. ಮುಂಗಾರಿನ ಸುಗ್ಗಿ ಮುಗಿಯಿತೆಂದರೆ ಗುಳೆ ಶುರು. ಕಾಫಿ ಹಣ್ಣು ಬಿಡಿಸಲು ಮಲೆನಾಡಿಗೆ, ಕಬ್ಬು ಕಡಿಯಲು ನೀರಾವರಿ ಸೀಮೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ. ದುಡಿಯುವವರೆಲ್ಲ ಹೋದ ಮೇಲೆ ಓಣಿಯಲ್ಲಿ ಉಳಿಯುವುದು ಬೀಗ ಹಾಕಿದ ಬಾಗಿಲುಗಳು, ಕಂಬಳಿ ಹೊದ್ದು ಕಟ್ಟೆಯ ಮೇಲೆ ಕುಳಿತ ಮುದುಕರು, ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು. ಕಟಾವಾದ ಹೊಲದಲ್ಲಿ ಸಾಲು ಸಾಲು ಕೂಳೆ. ಶ್ವೆರಿನ್ನಿನ ಚಿತ್ರದ ಮರದ ಬೊಡ್ಡೆಗಳನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಈ ಕೂಳೆಯೇ. ಅದರ ನಡುವೆ ಕೋಲೂರಿ ನಿಂತ ಆ ಮುದುಕನೂ ನನಗೆ ಅಪರಿಚಿತನೆನಿಸಲಿಲ್ಲ.

ಹಿಮ ಬೀಳದ ಊರಿನಲ್ಲೂ ಚಳಿಗಾಲವಿದೆ, ಪ್ರಿಯರೇ. ಅದು ಕೆಲವರ ಮನೆಯೊಳಗಿರುತ್ತದೆ. ಹಬ್ಬದ ದಿನ ಅದು ಇನ್ನಷ್ಟು ಹೆಚ್ಚುತ್ತದೆ. ಊರೆಲ್ಲ ನಕ್ಷತ್ರದ ದೀಪ ಕಟ್ಟಿದಾಗ ಕತ್ತಲೆ ಉಳಿದ ಮನೆ ಎದ್ದು ಕಾಣುತ್ತದೆ.

ನಾನು ಆಡಿದ ಒಂದು ಮಾತು

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಬ್ಬ ತಾಯಿ ದುಡಿಯಲು ಹೋದ ಮಗನನ್ನು ಕಟ್ಟಡದ ಕೆಲಸದಲ್ಲಿ ಕಳೆದುಕೊಂಡಿದ್ದರು. ಐದು ತಿಂಗಳಿಗೆ ಕ್ರಿಸ್ಮಸ್ ಬಂತು. ಹಬ್ಬದ ಮುನ್ನಾದಿನ ನಾನು ಕೇಕು ಹಿಡಿದುಕೊಂಡು ಅವರ ಮನೆಗೆ ಹೋದೆ. ಒಲೆಯ ಮುಂದೆ ಕುಳಿತು ಅಳುತ್ತಿದ್ದರು. ನಾನು ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ: “ಹಬ್ಬದ ದಿನ ಅಳಬಾರದಮ್ಮ. ಯೇಸುಸ್ವಾಮಿ ಹುಟ್ಟೋ ರಾತ್ರಿ ಇದು. ನಗ್ತಾ ನಗ್ತಾ ಗುಡಿಗೆ ಬರಬೇಕು.”

“ಆತು ಸ್ವಾಮಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆದರೆ ನಡುರಾತ್ರಿಯ ಬಲಿಪೂಜೆಗೆ ಬರಲಿಲ್ಲ. ಹೊಸ ವರ್ಷಕ್ಕೂ ಬರಲಿಲ್ಲ, ಮೂರು ರಾಯರ ಹಬ್ಬಕ್ಕೂ ಬರಲಿಲ್ಲ. ಜನವರಿಯಲ್ಲಿ ಒಂದು ದಿನ ಸಂತೆಯಲ್ಲಿ ಸಿಕ್ಕರು. ಏಕೆ ಬರಲಿಲ್ಲ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದರು: “ನಕ್ಕೊಂತ ಬಾ ಅಂದ್ರಿ ಸ್ವಾಮಿ. ನಗಾಕ ಬರಲಿಲ್ಲ. ಅದಕ ನಾನೂ ಬರಲಿಲ್ಲ.”

ಗುರುಮಠದಲ್ಲಿ ಅಷ್ಟು ವರ್ಷ ಕಲಿತವನಿಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ನಾನು ಅರಿಯದೆಯೇ ಅವರಿಗೆ ಒಂದು ಷರತ್ತು ಹಾಕಿದ್ದೆ: ಮೊದಲು ದುಃಖ ಬಿಡು, ಆಮೇಲೆ ದೇವರ ಹತ್ತಿರ ಬಾ. ಊರುಗೋಲು ಮನೆಯಲ್ಲಿಟ್ಟು ನಡೆದು ಬಾ ಎಂದು ಕುಂಟನಿಗೆ ಹೇಳಿದ ಹಾಗಾಗಿತ್ತು ಅದು.

ಫ್ರೀಡ್ರಿಕ್ ಅವರ ಎರಡನೆಯ ಚಿತ್ರವನ್ನು ಗಮನವಿಟ್ಟು ನೋಡಿದ್ದು ಅದಾದ ನಂತರ. ಆಗ ಕಂಡದ್ದು ಇದು: ಶಿಲುಬೆ ಇರುವುದು ದೇವಾಲಯದ ಒಳಗಲ್ಲ. ದೇವಾಲಯ ಇನ್ನೂ ದೂರದಲ್ಲಿದೆ, ಮಂಜಿನಲ್ಲಿದೆ. ಶಿಲುಬೆ ಮಾತ್ರ ಹೊರಗೆ, ಹಿಮದಲ್ಲಿ, ಆ ಮನುಷ್ಯ ಕುಸಿದು ಕುಳಿತ ಜಾಗದಲ್ಲೇ ನಿಂತಿದೆ. ದೇವರ ಹತ್ತಿರ ಬರಲು ಅವನು ಮೊದಲು ಬೆಚ್ಚಗಾಗಬೇಕಾಗಿಲ್ಲ. ಚಳಿ ಇರುವಲ್ಲಿಗೇ ದೇವರು ಬಂದಿದ್ದಾರೆ. ಕ್ರಿಸ್ಮಸ್ ಎಂದರೂ ಇದೇ ಅಲ್ಲವೇ? ಛತ್ರದಲ್ಲಿ ಸ್ಥಳವಿಲ್ಲದ ರಾತ್ರಿ, ದನದ ಕೊಟ್ಟಿಗೆಯಲ್ಲಿ, ನಮ್ಮ ಚಳಿಯಲ್ಲೇ ಅವರು ಹುಟ್ಟಿದರು. ಚಳಿ ಕಳೆಯುವ ತನಕ ಕಾಯಲಿಲ್ಲ.

ಮರುವರ್ಷ ನಡುರಾತ್ರಿಯ ಬಲಿಪೂಜೆಗೆ ಮೊದಲು ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಓದಿ, ಒಂದೊಂದು ಹೆಸರಿಗೆ ಒಂದು ಮೇಣದ ಬತ್ತಿ ಹಚ್ಚಿದೆವು. ಹಿಂದಿನ ವರ್ಷ ಹೋದ ಆ ಮಗನ ಹೆಸರನ್ನೂ ಓದಿದೆವು. ಆ ತಾಯಿ ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಅತ್ತರು. ಯಾರೂ ಅಳಬೇಡ ಎನ್ನಲಿಲ್ಲ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಅವರ ಕೈ ಹಿಡಿದುಕೊಂಡು ಸುಮ್ಮನೆ ಕುಳಿತಳು. ಅಷ್ಟೇ. ಆ ಬಂಡೆ ಮಾಡುವ ಕೆಲಸವೂ ಅಷ್ಟೇ: ಅದು ಮಾತಾಡುವುದಿಲ್ಲ, ಒರಗಲು ಬಿಡುತ್ತದೆ.

ಮನೆಯವರೆಲ್ಲ ಕೂಡಿ ನೋಡಿ

ಈ ಹಬ್ಬದ ವಾರದಲ್ಲಿ ಒಂದು ಸಂಜೆ, ಮನೆಯ ಜಪಸರದ ನಂತರ, ಈ ಎರಡು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಮಕ್ಕಳೊಂದಿಗೆ ನೋಡಿ. ಚಿತ್ರಕಾರರ ಹೆಸರಿನ ಜೊತೆ ‘ಚಳಿಗಾಲದ ದೃಶ್ಯ, 1811’ ಎಂದು ಹುಡುಕಲು ದೊಡ್ಡ ಮಕ್ಕಳಿಗೆ ಹೇಳಿದರೆ ಸಾಕು, ತೆಗೆದುಕೊಡುತ್ತಾರೆ. ಮೊದಲು ನೀವೇನೂ ವಿವರಿಸಬೇಡಿ. ಆ ಮನುಷ್ಯ ಎಲ್ಲಿದ್ದಾನೆ ಎಂದು ಮಕ್ಕಳೇ ಹುಡುಕಲಿ. ಅವನಿಗೆ ಏನಾಗಿರಬಹುದು, ಊರುಗೋಲು ಏಕೆ ಬಿದ್ದಿದೆ ಎಂದು ಕೇಳಿ. ಮಕ್ಕಳು ಹೇಳುವ ಉತ್ತರ ನಮಗಿಂತ ಚೆನ್ನಾಗಿರುತ್ತದೆ. ಹುಲ್ಲಿನ ಎಳೆಗಳನ್ನು ಮೊದಲು ಕಾಣುವವರೂ ಅವರೇ.

ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಓಣಿಯಲ್ಲಿ ಈ ವರ್ಷ ಚಳಿಯಲ್ಲಿರುವ ಮನೆ ಯಾವುದು? ಗುಳೆ ಹೋದವರ ಮನೆಯಲ್ಲಿ ಉಳಿದ ಅಜ್ಜಿಯದೇ? ಈ ವರ್ಷ ಸಾವು ಕಂಡ ಮನೆಯೇ? ಸಾಲದಲ್ಲಿ ಮುಳುಗಿ ಮಾತು ಬಿಟ್ಟವರದೇ? ಅಲ್ಲಿಗೆ ಹೋಗಿ. ಕರ್ಜಿಕಾಯಿ, ಚಕ್ಕುಲಿ ಒಯ್ಯಿರಿ. ಆದರೆ ಉಪದೇಶ ಒಯ್ಯಬೇಡಿ. ಅವರು ಅತ್ತರೆ ಪಕ್ಕದಲ್ಲಿ ಕುಳಿತುಕೊಳ್ಳಿ. ನಾವು ಹಿಮ ಕರಗಿಸಲಾರೆವು. ಒರಗಲು ಬಂಡೆಯಾಗಬಹುದು.

ಮತ್ತೆ ಆ ಪುಟ್ಟ ಹುಡುಗಿಯ ವಿಷಯ. ಮರುದಿನ ಅವಳನ್ನು ಕರೆದು ನನ್ನ ಉತ್ತರ ತಿದ್ದಿಕೊಂಡೆ. “ಚಂದ ಕಾಣ್ಲಿ ಅಂತ ಅಲ್ಲ ಮಗಾ. ಯೇಸುಸ್ವಾಮಿ ಹುಟ್ಟಿದಾಗ ಜಗತ್ತಿಗೆ ಬಾಳ ಥಂಡಿ ಇತ್ತು. ಥಂಡಿ ಐತಂತನೇ ಅವರು ಬಂದ್ರು. ಅದನ್ನ ನೆನಸಾಕ ಹತ್ತಿ ಹಾಕ್ತೀವಿ” ಎಂದೆ. ಅವಳು ಸ್ವಲ್ಪ ಯೋಚಿಸಿ, “ಹಂಗಾರ ಕೂಸಿಗೆ ಹೊದಸಾಕ ಒಂದೀಟು ಹತ್ತಿ ಇಡೂಣ್ರಿ ಫಾದರ್” ಎಂದಳು. ಅವಳ ಅವ್ವ ಬಿಡಿಸಿದಂಥ ಹತ್ತಿಯೇ ಈ ವರ್ಷ ನಮ್ಮ ಗೋದಲಿಯಲ್ಲಿ ಹಿಮವೂ ಹೌದು, ಬಾಲಯೇಸುವಿನ ಹೊದಿಕೆಯೂ ಹೌದು.

ನಿಮ್ಮ ಮನೆಗಳಲ್ಲಿ ಬೆಳಕು ಇರಲಿ. ಬೆಳಕು ಇನ್ನೂ ಕಾಣದ ಮನೆಗಳಲ್ಲಿ ಬಾಲಯೇಸುವೇ ಜೊತೆಗಿರಲಿ. ದೂರದ ಊರುಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳನ್ನು ಮಾತ��� ಮರಿಯ ಕಾಪಾಡಲಿ. ನಿಮ್ಮೆಲ್ಲರಿಗೂ ಕ್ರಿಸ್ತ ಜಯಂತಿಯ ಹಾರ್ದಿಕ ಶುಭಾಶಯಗಳು.